ಪಪುವಾ ನ್ಯೂ ಗಿನಿಯ ಎತ್ತರದ ಹಳ್ಳಿಯಲ್ಲಿ ಕೆಲವು ವಾರ ಇರಬೇಕಾದವರಿಗೆ

ಪಪುವಾ ನ್ಯೂ ಗಿನಿಯ ನಡುನಾಡಿನ ಎತ್ತರದ ಕಣಿವೆಗಳಲ್ಲಿರುವ ಹಳ್ಳಿಗಳಿಗೆ ಹೊರಗಿನವರು ಹೋಗುವುದು ಬಹುಮಟ್ಟಿಗೆ ಕೆಲಸದ ನಿಮಿತ್ತ. ಆಸ್ಪತ್ರೆಗೆ ವೈದ್ಯರಾಗಿ ಬಂದವರು ಅಲ್ಲಿಂದ ಒಂದು ದಿನದ ನಡಿಗೆಯಾಚೆ ಇರುವ ಚಿಕ್ಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಶಿಕ್ಷಕರಿಗೆ ತರಬೇತಿ ಕೊಡಲು, ಕಾಫಿ ತೋಟಗಳನ್ನು ನೋಡಲು, ಭಾಷೆಯೊಂದನ್ನು ದಾಖಲಿಸಲು ಹೋಗುವವರೂ ಇದ್ದಾರೆ. ಈ ಬರಹ ಅಂಥವರಿಗೆ, ಅದರಲ್ಲೂ ಎರಡು ವಾರದಿಂದ ಎರಡು ತಿಂಗಳವರೆಗೆ ಹಳ್ಳಿಯೊಳಗೇ ಇರಬೇಕಾದವರಿಗೆ. ನ್ಯೂ ಗಿನಿ ದ್ವೀಪದ ಪಶ್ಚಿಮಾರ್ಧ ಇಂಡೊನೇಷ್ಯಕ್ಕೆ ಸೇರಿದ್ದು. ಅಲ್ಲಿನ ಪರವಾನಗಿ, ಭಾಷೆ, ಆಡಳಿತಗಳೆಲ್ಲ ಬೇರೆ. ಇಲ್ಲಿ ಹೇಳುವುದು 1975ರ ಸೆಪ್ಟೆಂಬರ್ 16ರಂದು ಸ್ವತಂತ್ರವಾದ ಪೂರ್ವಾರ್ಧದ ದೇಶದ ಎತ್ತರನಾಡನ್ನು, ಅಂದರೆ ಎಂಗಾ, ಹೆಲಾ, ಸದರ್ನ್ ಹೈಲ್ಯಾಂಡ್ಸ್, ವೆಸ್ಟರ್ನ್ ಹೈಲ್ಯಾಂಡ್ಸ್, ಜಿವಾಕಾ, ಸಿಂಬು ಮತ್ತು ಈಸ್ಟರ್ನ್ ಹೈಲ್ಯಾಂಡ್ಸ್ ಎಂಬ ಏಳು ಪ್ರಾಂತಗಳನ್ನು ಕುರಿತು.

ಹೋಗುವ ಮುನ್ನ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಒಂದು ಪದ ನಮ್ಮಲ್ಲೇ ಇದೆ: ಮುಯ್ಯಿ. ಮದುವೆಯಲ್ಲಿ ಓದಿಸಿದ ಮುಯ್ಯಿಯನ್ನು ಬರೆದಿಟ್ಟು, ಆ ಮನೆಯ ಮದುವೆ ಬಂದಾಗ ಸ್ವಲ್ಪ ಹೆಚ್ಚಿಸಿ ಹಿಂದಿರುಗಿಸುವ, ನಾಟಿಗೆ ಬಂದ ಆಳಿಗೆ ಪ್ರತಿಯಾಗಿ ಮುಯ್ಯಾಳಾಗಿ ಹೋಗುವ ಪದ್ಧತಿಯನ್ನು ಬಲ್ಲವರಿಗೆ ಅಲ್ಲಿನ ಬದುಕಿನ ಅರ್ಧ ಪಾಠ ಆದಂತೆ. ವ್ಯತ್ಯಾಸವೆಂದರೆ ಅಲ್ಲಿ ಮುಯ್ಯಿ ಇಡೀ ಸಮಾಜದ ಬೆನ್ನೆಲುಬು. ಮೌಂಟ್ ಹಾಗೆನ್ ಪಟ್ಟಣದ ಸುತ್ತಲಿನ ಪ್ರದೇಶದ ಮೊಕಾ, ಎಂಗಾದ ತೇ ಎಂಬ ಹಂದಿಗಳ ಮಹಾ ವಿನಿಮಯಗಳು ಕಣಿವೆಯಿಂದ ಕಣಿವೆಗೆ ಸಾಲುಸಾಲಾಗಿ ಕುಲಗಳನ್ನು ಬೆಸೆದವು. ಕೂಡಿಟ್ಟುಕೊಂಡವನಿಗಿಂತ ಹೆಚ್ಚು ಕೊಟ್ಟವನೇ ದೊಡ್ಡವನೆನಿಸಿಕೊಂಡ. ಅಲ್ಲಿ ಎಲ್ಲಿ ಮಲಗಬೇಕು, ಏನು ಉಣ್ಣಬೇಕು, ಯಾರ ಜೊತೆ ನಡೆಯಬೇಕು, ಕಾಯಿಲೆ ಬಿದ್ದರೆ ಯಾರು ಹೊತ್ತೊಯ್ಯುತ್ತಾರೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಕೊಡುಕೊಳ್ಳುವಿಕೆಯಲ್ಲಿಯೇ ಸಿಗುತ್ತದೆ.

ಮೊದಲು ಮನೆಯವರನ್ನು ಗೊತ್ತುಮಾಡಿಕೊಳ್ಳಿ

ಊರನ್ನು ಆರಿಸಿ ಆಮೇಲೆ ಆಶ್ರಯ ಹುಡುಕುವ ಕ್ರಮ ಅಲ್ಲಿ ನಡೆಯುವುದಿಲ್ಲ. ದೇಶದ ಭೂಮಿಯಲ್ಲಿ ಸುಮಾರು 97 ಶೇಕಡಾ ಕುಲಗಳ ಪರಂಪರಾಗತ ಒಡೆತನದಲ್ಲಿದೆ. ಪೊದೆ ಬೆಳೆದು ಪಾಳುಬಿದ್ದಂತೆ ಕಾಣುವ ಇಳಿಜಾರಿಗೂ, ತೊರೆಯ ದಂಡೆಯ ಸರ್ವೆಮರಕ್ಕೂ, ನೀವು ನಡೆಯುವ ಕಾಲುದಾರಿಗೂ ಒಡೆಯರಿದ್ದಾರೆ. ಆದ್ದರಿಂದ ನಿಮ್ಮನ್ನು ತಮ್ಮವರೆಂದು ಹೇಳಿಕೊಳ್ಳುವ ಒಂದು ಕುಟುಂಬ ಮೊದಲು ಬೇಕು. ಚರ್ಚು, ಶಾಲೆ ಅಥವಾ ಆರೋಗ್ಯ ಕೇಂದ್ರದ ಮೂಲಕ, ಆ ಹಳ್ಳಿಯಲ್ಲಿ ಹುಟ್ಟಿ ಪಟ್ಟಣದಲ್ಲಿ ಕೆಲಸಕ್ಕಿರುವ ಒಬ್ಬರನ್ನು ಪರಿಚಯ ಮಾಡಿಕೊಂಡು, ಅವರ ಜೊತೆಯಲ್ಲಿಯೇ ಊರಿಗೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಒಂದೇ ಭಾಷೆಯವರನ್ನು, ಒಂದೇ ಕಡೆಯವರನ್ನು ಅಲ್ಲಿ ವಾಂಟೊಕ್ ಎನ್ನುತ್ತಾರೆ. ಎಂಟುನೂರಕ್ಕೂ ಹೆಚ್ಚು ಭಾಷೆಗಳಿರುವ ದೇಶದಲ್ಲಿ ಈ ಪದಕ್ಕೆ ಇರುವ ತೂಕವನ್ನು ಊಹಿಸಬಹುದು: ವಾಂಟೊಕ್ ಕೇಳಿದಾಗ ಇಲ್ಲವೆನ್ನುವಂತಿಲ್ಲ, ವಾಂಟೊಕ್‌ನ ಅತಿಥಿಯನ್ನು ಕೈಬಿಡುವಂತಿಲ್ಲ.

ಇದರ ಇನ್ನೊಂದು ಮುಖವನ್ನೂ ತಿಳಿದಿರಬೇಕು. ಒಂದು ಕುಟುಂಬದ ಅತಿಥಿಯಾದವರು ಆ ಕುಲದ ಜಗಳಗಳಿಂದ ಪೂರ್ತಿ ಹೊರಗೆ ನಿಲ್ಲಲಾರರು. ಭೂಮಿ, ಹಂದಿ, ಸಾವು, ಚುನಾವಣೆ, ಇವುಗಳಿಂದ ಹುಟ್ಟುವ ಕುಲಕಲಹಗಳು ಎತ್ತರನಾಡಿನ ಕೆಲವು ಭಾಗಗಳಲ್ಲಿ ಇಂದು ಬಂದೂಕಿನಿಂದ ನಡೆಯುತ್ತಿವೆ. 2024ರ ಫೆಬ್ರವರಿಯಲ್ಲಿ ಎಂಗಾದ ವಾಪೆನಮಾಂಡಾ ಕಡೆ ಒಂದೇ ಘರ್ಷಣೆಯಲ್ಲಿ ಹಲವರು ಸತ್ತರು. ಹೊರಡುವ ವಾರದಲ್ಲಿಯೇ ಮನೆಯವರನ್ನು ಕೇಳಿ: ದಾರಿಯಲ್ಲಿ ಯಾರ ನೆಲ ದಾಟಬೇಕು, ಅವರೊಡನೆ ಈಗ ಸಂಬಂಧ ಹೇಗಿದೆ, ಕೊಡಬೇಕಾದ ಪರಿಹಾರ ಯಾವುದಾದರೂ ಬಾಕಿ ಇದೆಯೇ. "ಈಗ ಬರುವುದು ಬೇಡ" ಎಂದು ಅವರು ಹೇಳಿದರೆ ಟಿಕೆಟಿನ ಹಣ ಹೋದರೂ ಹೋಗಕೂಡದು. ಭಾರತದಿಂದ ಹೋಗುವವರು ವೀಸಾದ ವಿಚಾರವನ್ನು ನವದೆಹಲಿಯ ಪಪುವಾ ನ್ಯೂ ಗಿನಿ ಹೈಕಮಿಷನ್‌ನಲ್ಲಿ ವಿಚಾರಿಸಿ, ಪೋರ್ಟ್ ಮೋರ್ಸ್‌ಬಿಯ ಭಾರತೀಯ ಹೈಕಮಿಷನ್‌ಗೆ ತಮ್ಮ ಹಳ್ಳಿಯ ಹೆಸರು ಮತ್ತು ಮರಳುವ ದಿನಾಂಕವನ್ನು ತಿಳಿಸಿಡಬೇಕು.

ದಾರಿ

ರಾಜಧಾನಿ ಪೋರ್ಟ್ ಮೋರ್ಸ್‌ಬಿಯಿಂದ ಎತ್ತರನಾಡಿಗೆ ರಸ್ತೆಯೇ ಇಲ್ಲ. ವಿಮಾನದಲ್ಲಿ ಗೊರೊಕಾಕ್ಕೋ ಮೌಂಟ್ ಹಾಗೆನ್ ಬಳಿಯ ಕಗಮುಗಾಕ್ಕೋ ಇಳಿಯಬೇಕು. ಕರಾವಳಿಯ ಲೇ ಪಟ್ಟಣದಿಂದ ಹೊರಟು ಗೊರೊಕಾ, ಕುಂಡಿಯಾವಾ, ಹಾಗೆನ್‌ಗಳನ್ನು ಪೋಣಿಸುವ ಹೆದ್ದಾರಿಯೊಂದಿದೆ. ಅಕ್ಕಿ, ಎಣ್ಣೆ, ಸೀಮೆಂಟು ಮೇಲಕ್ಕೆ ಬರುವುದೂ ಕಾಫಿ ಕೆಳಗಿಳಿಯುವುದೂ ಈ ಒಂದೇ ದಾರಿಯಲ್ಲಿ. ಮಳೆಗೆ ಗುಡ್ಡ ಕುಸಿದರೆ ಪೇಟೆಯಲ್ಲಿ ಅಕ್ಕಿಯ ಬೆಲೆ ಏರುತ್ತದೆ. ಹೆದ್ದಾರಿಯಿಂದ ಒಳಕ್ಕೆ ಪಿಎಂವಿ ಎಂದು ಕರೆಯುವ ಬಾಡಿಗೆ ವ್ಯಾನು ಅಥವಾ ಟ್ರಕ್ಕು, ಆಮೇಲೆ ಕಾಲ್ನಡಿಗೆ.

ರಸ್ತೆ ಮುಟ್ಟದ ಕಣಿವೆಗಳಿಗೆ ಚಿಕ್ಕ ವಿಮಾನಗಳೇ ಗತಿ. ಬೆಟ್ಟದ ಇಳಿಜಾರಿನಲ್ಲಿ ಹುಲ್ಲು ಕೊಯ್ದು ಮಾಡಿದ ಪಟ್ಟಿಯ ಮೇಲೆ ಅವು ಏರುಮುಖವಾಗಿ ಇಳಿದು ಇಳಿಮುಖವಾಗಿ ಹಾರುತ್ತವೆ. ನಿಮ್ಮ ಚೀಲವನ್ನಷ್ಟೇ ಅಲ್ಲದೆ ನಿಮ್ಮನ್ನೂ ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ, ಏಕೆಂದರೆ ಎತ್ತರದ ತೆಳುಗಾಳಿಯಲ್ಲಿ ಹತ್ತು ಕಿಲೋ ಹೆಚ್ಚುಕಡಿಮೆಯೂ ಲೆಕ್ಕಕ್ಕೆ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಣಿವೆಗಳನ್ನು ಮೋಡ ಮುಚ್ಚುವುದರಿಂದ ಹಾರಾಟವೆಲ್ಲ ಬಹುತೇಕ ಬೆಳಗ್ಗೆಯೇ. ಬೆಳಗ್ಗೆ ಮೋಡ ಕವಿದಿದ್ದರೆ ಆ ದಿನ ವಿಮಾನವಿಲ್ಲ, ಮರುದಿನವೂ ಇಲ್ಲದಿರಬಹುದು. ಹಳ್ಳಿಯಿಂದ ಹೊರಡುವ ದಿನಕ್ಕೂ ಅಂತಾರಾಷ್ಟ್ರೀಯ ವಿಮಾನದ ದಿನಕ್ಕೂ ನಡುವೆ ನಾಲ್ಕೈದು ದಿನ ಬಿಡಿ.

ಈ ಬೆಟ್ಟಗಳು ಭೂಕಂಪ ಮತ್ತು ಮಳೆಯಿಂದ ಸಡಿಲವಾದ ಬೆಟ್ಟಗಳು. 2018ರ ಫೆಬ್ರವರಿಯಲ್ಲಿ ಹೆಲಾ ಮತ್ತು ಸದರ್ನ್ ಹೈಲ್ಯಾಂಡ್ಸ್ ಪ್ರಾಂತಗಳಲ್ಲಿ 7.5 ತೀವ್ರತೆಯ ಭೂಕಂಪವಾಯಿತು. 2024ರ ಮೇ 24ರ ನಸುಕಿನಲ್ಲಿ ಎಂಗಾದ ಯಂಬಾಲಿ ಹಳ್ಳಿಯ ಮೇಲೆ ಬೆಟ್ಟವೇ ಜಾರಿ ಬಂದು ಮಲಗಿದ್ದವರನ್ನು ಮುಚ್ಚಿತು. ಜೋರು ಮಳೆಯ ಮರುದಿನ ನಡೆಯಬೇಕೇ ಬೇಡವೇ ಎಂಬುದನ್ನು ಮನೆಯವರ ತೀರ್ಮಾನಕ್ಕೆ ಬಿಡಿ. ಆ ನೆಲದ ಬಿರುಕು ಅವರಿಗೆ ಗೊತ್ತು.

ಏನು ಒಯ್ಯಬೇಕು

ಸಮಭಾಜಕ ವೃತ್ತಕ್ಕೆ ಹತ್ತಿರದ ದೇಶವೆಂದು ತೆಳುಬಟ್ಟೆ ಮಾತ್ರ ತುಂಬಿಕೊಂಡು ಹೋದವರು ಮೊದಲ ರಾತ್ರಿಯೇ ನಡುಗುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್ ಎತ್ತರದಲ್ಲಿದೆ. ಎಂಗಾದ ಎಷ್ಟೋ ಹಳ್ಳಿಗಳು ಅದಕ್ಕಿಂತ ಮೇಲಿವೆ. ಉಣ್ಣೆಯ ಸ್ವೆಟರು, ಬೇಗ ಒಣಗುವ ಎರಡು ಜೊತೆ ಬಟ್ಟೆ, ಮಲಗುವ ಚೀಲ, ದಪ್ಪ ಪ್ಲಾಸ್ಟಿಕ್ ಹೊದಿಕೆ ಮತ್ತು ಮಂಡಿಯ ಕೆಳಗಿನವರೆಗೆ ಬರುವ ರಬ್ಬರ್ ಬೂಟು ಬೇಕು. ಹೆಂಗಸರಿಗೆ ತೊಡೆ ಮುಚ್ಚುವ ಸಡಿಲ ಉಡುಪು ಗೌರವದ್ದು. ಸಲ್ವಾರ್ ಕಮೀಜ್ ಅದಕ್ಕೆ ಚೆನ್ನಾಗಿ ಒದಗುತ್ತದೆ, ಸೀರೆ ಕೆಸರಿನ ಇಳಿಜಾರಿಗೆ ಆಗುವುದಿಲ್ಲ. ವಿದ್ಯುತ್ ಇರುವುದಿಲ್ಲವಾದ್ದರಿಂದ ಚಿಕ್ಕ ಸೌರಫಲಕ ಮತ್ತು ತಲೆಗೆ ಕಟ್ಟುವ ಟಾರ್ಚು ಇರಲಿ. ಮೊಬೈಲ್ ಸಿಗ್ನಲ್ ಸಿಗುವ ಒಂದು ಗುಡ್ಡದ ತುದಿ ಎಷ್ಟೋ ಹಳ್ಳಿಗಳ ಬಳಿ ಇರುತ್ತದೆ. ಅದು ಯಾವುದೆಂದು ಹುಡುಗರು ತೋರಿಸುತ್ತಾರೆ.

ಬಿತ್ತನೆ ಬೀಜ, ಸಸಿ, ಹಸಿ ಕಾಳು ಒಯ್ಯಬೇಡಿ. ಅಲ್ಲಿನ ಸಸ್ಯ ಸಂಪರ್ಕತಡೆಯ ನಿಯಮಗಳು ಕಟ್ಟುನಿಟ್ಟು. ಕೊಡಗು, ಚಿಕ್ಕಮಗಳೂರುಗಳಿಂದ ಹೋಗುವವರಿಗೆ ಇದನ್ನು ಒತ್ತಿ ಹೇಳಬೇಕು. ನಮ್ಮ ತೋಟಗಳು 1990ರಿಂದ ಅನುಭವಿಸುತ್ತಿರುವ ಕಾಫಿ ಕಾಯಿಕೊರಕ ಹುಳು ಆ ದೇಶದಲ್ಲಿ ಕಾಣಿಸಿಕೊಂಡದ್ದು 2017ರಲ್ಲಿ, ಮತ್ತು ಎತ್ತರನಾಡಿನ ಲಕ್ಷಾಂತರ ಮಂದಿಯ ಕೈಗೆ ನಗದು ಬರುವುದು ಮನೆಯ ಹಿಂದಿನ ಕಾಫಿ ಗಿಡಗಳಿಂದಲೇ. ತೋಟದಲ್ಲಿ ತೊಟ್ಟ ಬೂಟು, ಬಟ್ಟೆ, ಚೀಲಗಳನ್ನು ತೊಳೆದು ಒಣಗಿಸದೆ ಕೊಂಡೊಯ್ಯುವುದು ಅವರ ಅನ್ನಕ್ಕೆ ಕೈಹಾಕಿದಂತೆ.

ಉಡುಗೊರೆಗಳನ್ನು ಅಲ್ಲಿಯ ಪಟ್ಟಣದಲ್ಲಿಯೇ ಕೊಳ್ಳಿ: ಅಕ್ಕಿ, ಡಬ್ಬಿ ಮೀನು, ಎಣ್ಣೆ, ಸಾಬೂನು, ಬೆಂಕಿಪೊಟ್ಟಣ, ಹೆಂಗಸರಿಗೆ ಬಿಲುಮ್ ಚೀಲ ಹೆಣೆಯಲು ಬಣ್ಣದ ನೂಲು. ಇವೆಲ್ಲಕ್ಕಿಂತ ಮೊದಲು ಅಯೋಡೀನ್ ಸೇರಿಸಿದ ಉಪ್ಪು. ಸಮುದ್ರದಿಂದ ದೂರದ, ಮಳೆಗೆ ತೊಳೆದುಹೋದ ಆ ಮಣ್ಣಿನಲ್ಲಿ ಅಯೋಡೀನ್ ಇಲ್ಲದೆ ಗಳಗಂಡ ಸಾಮಾನ್ಯವಾಗಿತ್ತು, ಮಕ್ಕಳು ಬುದ್ಧಿ ಬೆಳೆಯದೆ, ಕಿವಿ ಕೇಳದೆ ಹುಟ್ಟುತ್ತಿದ್ದರು. 1966ರಲ್ಲಿ ಜಿಮಿ ಕಣಿವೆಯಲ್ಲಿ ಆರಂಭವಾದ ಅಯೋಡೀನ್ ಎಣ್ಣೆಯ ಚುಚ್ಚುಮದ್ದಿನ ಪ್ರಯೋಗವು, ತಾಯಂದಿರಿಗೆ ಗರ್ಭಧಾರಣೆಗೆ ಮೊದಲೇ ಅಯೋಡೀನ್ ಸಿಕ್ಕರೆ ಇದನ್ನು ತಡೆಯಬಹುದೆಂದು ತೋರಿಸಿಕೊಟ್ಟಿತು. ಒಂದು ಕಿಲೋ ಉಪ್ಪಿನ ಪೊಟ್ಟಣಕ್ಕಿಂತ ಉಪಯುಕ್ತವಾದ ಉಡುಗೊರೆ ನನಗೆ ತೋಚುವುದಿಲ್ಲ. ಏನನ್ನೇ ತಂದಿದ್ದರೂ ಅಂಗಳದಲ್ಲಿ ನಿಂತು ಹಂಚದೆ ಮನೆಯ ಯಜಮಾನಿಯ ಕೈಗೆ ಕೊಡಿ. ಯಾರಿಗೆ ಎಷ್ಟು ಸಲ್ಲಬೇಕೆಂಬ ಲೆಕ್ಕ ಅವರ ಬಳಿ ಇದೆ. ನೀವು ಹಂಚಿದರೆ ಆ ಲೆಕ್ಕ ಕೆಡುತ್ತದೆ, ನೀವು ಹೋದ ಮೇಲೆ ಅವರು ಮಾತು ಕೇಳಬೇಕಾಗುತ್ತದೆ. ಹಣವನ್ನು ಚಿಲ್ಲರೆ ಕಿನಾ ನೋಟುಗಳಲ್ಲಿ ಪಟ್ಟಣದಿಂದಲೇ ಒಯ್ಯಿರಿ. ಕಿನಾ ಎಂಬುದು ಹಿಂದೆ ಈ ವಿನಿಮಯಗಳಲ್ಲಿ ಕೈಬದಲಾಗುತ್ತಿದ್ದ ಮುತ್ತಿನ ಚಿಪ್ಪಿನ ಹೆಸರು.

ಮೊದಲ ದಿನಗಳು

ಊರು ಮುಟ್ಟಿದಾಗ ಎದುರಾದವರೆಲ್ಲರ ಕೈ ಕುಲುಕಿ, ಮಕ್ಕಳದೂ ಸೇರಿಸಿ. ಬೆಳಗ್ಗೆ "ಮೋನಿಂಗ್", ಮಧ್ಯಾಹ್ನದ ಮೇಲೆ "ಅಪಿನುನ್". ಟೊಕ್ ಪಿಸಿನ್ ಎಂಬ ಸಂಪರ್ಕಭಾಷೆಯನ್ನು ಹೋಗುವ ಮೊದಲೇ ಒಂದಿಷ್ಟು ಕಲಿಯುವುದು ಕಷ್ಟವಲ್ಲ. "ಯು ಗೊ ವೆ?" ಎಂದು ದಾರಿಯಲ್ಲಿ ಎಲ್ಲರೂ ಕೇಳುತ್ತಾರೆ, ನಮ್ಮ ಹಳ್ಳಿಗಳ "ಎಲ್ಲಿಗೆ ಹೊರಟಿರಿ?" ಎಂಬ ಮಾತಿನಂತೆ ಅದು ಕ್ಷೇಮ ವಿಚಾರಿಸುವ ಬಗೆ, ಅದರಲ್ಲಿ ಅನುಮಾನವೇನೂ ಇಲ್ಲ. "ಸೋರಿ" ಎಂಬ ಪದವನ್ನು ತಪ್ಪೊಪ್ಪಿಗೆಗಿಂತ ಹೆಚ್ಚಾಗಿ ಮರುಕಕ್ಕೆ ಬಳಸುತ್ತಾರೆ: ನೀವು ಜಾರಿ ಬಿದ್ದರೆ ಹಳ್ಳಿಯೇ "ಸೋರಿ" ಎನ್ನುತ್ತದೆ. ಹಿರಿಯರನ್ನು ಪಾಪಾ, ಮಾಮಾ ಎಂದು ಕರೆಯಿರಿ. ಮಾಮಾ ಎಂದರೆ ಅಲ್ಲಿ ತಾಯಿ, ನಮ್ಮ ಸೋದರಮಾವನಲ್ಲ. ಮದುವೆಯಿಂದ ಬಂದ ಬಂಧುಗಳಿಗೆ ತಂಬು ಎನ್ನುತ್ತಾರೆ, ಅವರ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಗಂಡನ ಹೆಸರು ಹೇಳದ ನಮ್ಮ ಅಜ್ಜಿಯರನ್ನು ಕಂಡವರು ಇದನ್ನು ಬೇಗ ಅರ್ಥ ಮಾಡಿಕೊಂಡಾರು.

ಮನೆ ತಗ್ಗಾಗಿರುತ್ತದೆ. ಪಿಟ್‌ಪಿಟ್ ಎಂಬ ಜೊಂಡಿನ ಹೆಣಿಗೆಯ ಗೋಡೆ, ಕುನಾಯ್ ಹುಲ್ಲಿನ ಸೂರು, ನಡುವೆ ಒಲೆ. ಹೊಗೆಗೆ ಬೇರೆ ದಾರಿಯಿಲ್ಲದೆ ಅದು ಸೂರಿನ ಮೂಲಕವೇ ನಿಧಾನವಾಗಿ ಸೋರುತ್ತದೆ. ಸೂರನ್ನು ಹುಳು ತಿನ್ನದಂತೆ ಕಾಯುತ್ತದೆ, ಒಳಗಿನವರ ಶ್ವಾಸಕೋಶವನ್ನು ಕೆಡಿಸುತ್ತದೆ. ಗಂಡಸರ ಮನೆ ಬೇರೆ, ಹೆಂಗಸರು ಮಕ್ಕಳ ಮನೆ ಬೇರೆ ಎಂಬ ಹಳೆಯ ಏರ್ಪಾಟು ಕೆಲವೆಡೆ ಸಡಿಲವಾಗಿದೆ, ಕೆಲವೆಡೆ ಇನ್ನೂ ಇದೆ. ಎಲ್ಲಿ ಮಲಗಬೇಕೆಂದು ತೋರಿಸುವವರೆಗೆ ಕಾಯಿರಿ. ಒಳಗೆ ನಿಂತರೆ ಕಣ್ಣುರಿ, ಕೂತರೆ ಉಸಿರಾಡಬಹುದು. ಆಸ್ತಮಾ ಇರುವವರು ಚರ್ಚಿನ ಅಥವಾ ಶಾಲೆಯ ಕೊಠಡಿಯನ್ನು ಮೊದಲೇ ಕೇಳಿಕೊಳ್ಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಮಲಗಿದವರನ್ನಾಗಲಿ, ಕುಳಿತವರ ಚಾಚಿದ ಕಾಲನ್ನಾಗಲಿ, ಆಹಾರವನ್ನಾಗಲಿ ದಾಟಕೂಡದು. ಹೆಂಗಸರು ದಾಟುವುದನ್ನಂತೂ ದೊಡ್ಡ ಅಪಚಾರವೆಂದು ಎಣಿಸುತ್ತಾರೆ. ಸ್ನಾನಕ್ಕೆ ತೊರೆಯಲ್ಲಿ ಗಂಡಸರ ಜಾಗ, ಹೆಂಗಸರ ಜಾಗ ಬೇರೆಬೇರೆ ಇರುತ್ತವೆ. ಹೊರಗಿನಿಂದ ಹೋದ ಹೆಂಗಸರು ಎಲ್ಲಿಗೆ ಹೋಗುವುದಿದ್ದರೂ ಮನೆಯ ಹೆಂಗಸರ ಜೊತೆಯಲ್ಲಿಯೇ ಹೋಗಬೇಕು, ಹಗಲಿನಲ್ಲಿಯೂ. ಅಲ್ಲಿನ ಹೆಂಗಸರೂ ಹಾಗೆಯೇ ಗುಂಪಾಗಿ ನಡೆಯುತ್ತಾರೆ, ಅದಕ್ಕೆ ಕಾರಣವಿದೆ.

ಗೆಣಸಿನ ತೋಟ

ಎತ್ತರನಾಡಿನ ಊಟವೆಂದರೆ ಗೆಣಸು, ಅಲ್ಲಿನ ಮಾತಿನಲ್ಲಿ ಕೌಕೌ. ಬೆಳಗ್ಗೆ ಬೂದಿಯಲ್ಲಿ ಸುಟ್ಟದ್ದು, ಸಂಜೆ ಬೇಯಿಸಿದ್ದು, ಜೊತೆಗೆ ಕುಂಬಳದ ಕುಡಿ, ಸೀಮೆಬದನೆಯ ಕುಡಿ, ಜರಿಗಿಡದ ಚಿಗುರು. ಸಸ್ಯಾಹಾರಿಗಳು ಉಪವಾಸ ಬೀಳಬೇಕಾದೀತೆಂಬ ಭಯ ಬೇಡ. ದಿನನಿತ್ಯದ ಊಟ ಬಹುಮಟ್ಟಿಗೆ ಸಸ್ಯಾಹಾರವೇ, ಹಂದಿ ಮಾಂಸ ಬರುವುದು ಹಬ್ಬ, ಮದುವೆ, ಸಾವು, ಪರಿಹಾರಗಳ ದಿನ. ಕಷ್ಟವಾಗುವುದು ಖಾರ ಮತ್ತು ಹುಳಿ ಇಲ್ಲದಿರುವುದು. ಒಂದು ಡಬ್ಬಿ ಮೆಣಸಿನ ಪುಡಿ ಒಯ್ಯಿರಿ, ಅದನ್ನು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಘೋಷಿಸಿ. ಬೇಳೆ ಬೇಯಿಸಿಕೊಳ್ಳುವ ಯೋಚನೆಯಿದ್ದರೆ 2,000 ಮೀಟರ್ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ ಎಂಬುದನ್ನು ನೆನಪಿಡಿ. ಕುಕ್ಕರ್ ಇಲ್ಲದೆ ಬೇಳೆ ಬೇಯುವಷ್ಟರಲ್ಲಿ ಮನೆಯವರ ಸೌದೆ ಮುಗಿದೀತು.

ಮೊದಲ ವಾರವೇ ತೋಟಕ್ಕೆ ಹೋಗಿ ಕೆಲಸಕ್ಕೆ ಕೈಹಚ್ಚಿ. ಮುಯ್ಯಾಳಿನ ಲೆಕ್ಕ ಶುರುವಾಗುವುದು ಅಲ್ಲಿಯೇ. ಕಾಡು ಕಡಿಯುವುದು, ಬೇಲಿ ಹಾಕುವುದು, ಕಾಲುವೆ ತೋಡುವುದು ಗಂಡಸರ ಕೆಲಸ. ನೆಡುವುದು, ಕಳೆ ತೆಗೆಯುವುದು, ಕೀಳುವುದು, ಹಂದಿ ಸಾಕುವುದು ಹೆಂಗಸರ ಕೆಲಸ, ಮತ್ತು ದಿನದ ಹೊರೆಯ ಬಹುಪಾಲು ಇದೇ. ಎಂಗಾದ ಎತ್ತರದ ಕಣಿವೆಗಳಲ್ಲಿ ಗೆಣಸನ್ನು ದೊಡ್ಡ ಮಣ್ಣಿನ ಗುಪ್ಪೆಗಳಲ್ಲಿ ಬೆಳೆಯುತ್ತಾರೆ. ಎರಡರಿಂದ ನಾಲ್ಕು ಮೀಟರ್ ಅಗಲದ ಉಂಗುರದಂತೆ ಮಣ್ಣನ್ನು ಎಳೆದು, ನಡುವಿನ ಗುಳಿಗೆ ಹಳೆಯ ಗೆಣಸಿನ ಬಳ್ಳಿ, ಕಳೆ, ಹುಲ್ಲುಗಳನ್ನು ತುಂಬಿ, ಅದು ಬಾಡಿ ಕೊಳೆಯಲು ಬಿಟ್ಟು, ಆಮೇಲೆ ಸುತ್ತಲಿನ ಮಣ್ಣನ್ನು ಮುಚ್ಚಿ ಬಳ್ಳಿಯ ತುದಿಗಳನ್ನು ನೆಡುತ್ತಾರೆ. ಒಳಗಿನ ಹಸಿರು ಕೊಳೆಯುತ್ತ ಗೊಬ್ಬರವಾಗುತ್ತದೆ, ಮಣ್ಣನ್ನು ಬೆಚ್ಚಗಿಡುತ್ತದೆ. ರಾತ್ರಿಯ ಭಾರವಾದ ತಣ್ಣನೆಯ ಗಾಳಿ ಗುಪ್ಪೆಯ ಮೈಯಿಂದ ಜಾರಿ ತಗ್ಗಿಗೆ ಇಳಿಯುತ್ತದೆ. ಹಿಮಗಟ್ಟುವ ರಾತ್ರಿಗಳಿಗೆ ಇದು ಅವರು ಕಂಡುಕೊಂಡ ಉಪಾಯ. ಕೀಳುವಾಗ ಇಡೀ ಗುಪ್ಪೆಯನ್ನು ಬಗೆಯುವುದಿಲ್ಲ. ಕೈಯಿಂದ ತಡವಿ ಬಲಿತದ್ದನ್ನು ತೆಗೆದು, ಎಳೆಯದನ್ನು ಬೆಳೆಯಲು ಬಿಡುತ್ತಾರೆ. ಈ ತಡವುವ ಕೆಲಸ ಹೊಸಬರ ಕೈಗೆ ಬೇಗ ಹತ್ತುವುದಿಲ್ಲ, ಆದ್ದರಿಂದ ಕಳೆ ತೆಗೆಯುವುದು ಮತ್ತು ಹೊರುವುದರಿಂದ ಆರಂಭಿಸಿ.

ಎಲ್ ನಿನ್ಯೋ ವರ್ಷಗಳಲ್ಲಿ ಮೋಡ ಸರಿದು ಆಕಾಶ ತಿಳಿಯಾದಾಗ 2,200 ಮೀಟರಿಗಿಂತ ಮೇಲಿನ ಕಣಿವೆಗಳಲ್ಲಿ ಗುಪ್ಪೆಯೂ ಬೆಳೆಯನ್ನು ಉಳಿಸಲಾರದು. 1972, 1997, 2015, ಈ ವರ್ಷಗಳ ಹಿಮದಲ್ಲಿ ತೋಟಗಳು ಕರಕಲಾದವು. ಎತ್ತರದಲ್ಲಿ ಗೆಣಸು ಬಲಿಯಲು ಎಂಟು ತಿಂಗಳೋ ಅದಕ್ಕಿಂತ ಹೆಚ್ಚೋ ಬೇಕಾಗುವುದರಿಂದ ಮರುನಾಟಿಯ ಫಸಲು ಬರುವವರೆಗೆ ಉಣ್ಣಲು ಏನೂ ಇರುವುದಿಲ್ಲ. ಅಂಥ ಕಾಲದಲ್ಲಿ ಹಿಂದಿನಿಂದಲೂ ಎಂಗಾದವರು ಮಾಡಿಕೊಂಡು ಬಂದದ್ದು, ಹಂದಿಗಳನ್ನೂ ಮಕ್ಕಳನ್ನೂ ಕರೆದುಕೊಂಡು ದಿನಗಟ್ಟಲೆ ನಡೆದು, ತಗ್ಗಿನ ಕಣಿವೆಗಳಲ್ಲಿರುವ ನೆಂಟರ ತೋಟಕ್ಕೆ ಹೋಗುವುದು. ಹಬ್ಬಗಳಲ್ಲಿ ಕೊಟ್ಟ ಹಂದಿ, ಮಾಡಿದ ಮದುವೆ, ಕಳುಹಿಸಿದ ಪಾಲು, ಎಲ್ಲವೂ ಆಗ ಅನ್ನವಾಗಿ ಹಿಂದಿರುಗುತ್ತದೆ. ಹೊರಗಿನವರ ಕಣ್ಣಿಗೆ ದುಂದಿನಂತೆ ಕಾಣುವ ಹಂದಿಹಬ್ಬಗಳ ಒಳಗೆ ಇಂಥ ವಿಮೆಯೊಂದು ಇದೆ.

ಕೃಷಿಯ ಬಗ್ಗೆ ಬುದ್ಧಿ ಹೇಳಲು ಹೋಗುವವರು ಇನ್ನೊಂದನ್ನೂ ತಿಳಿದಿರಲಿ. 1933ರಲ್ಲಿ ಚಿನ್ನ ಹುಡುಕುತ್ತಿದ್ದ ಆಸ್ಟ್ರೇಲಿಯದ ಸಹೋದರರಾದ ಮೈಕೆಲ್ ಲೇಹಿ, ಡ್ಯಾನ್ ಲೇಹಿ ಮತ್ತು ಸರ್ಕಾರಿ ಅಧಿಕಾರಿ ಜಿಮ್ ಟೇಲರ್ ವಾಘಿ ಕಣಿವೆಗೆ ಕಾಲಿಡುವವರೆಗೂ ಹೊರಜಗತ್ತು ಈ ನಡುನಾಡನ್ನು ಬರಿಯ ಬೆಟ್ಟಸಾಲೆಂದು ನಂಬಿತ್ತು. ಅದೇ ಕಣಿವೆಯ ಕುಕ್ ಎಂಬಲ್ಲಿ ಜೌಗು ನೆಲವನ್ನು ಸುಮಾರು 7,000 ವರ್ಷಗಳ ಹಿಂದೆಯೇ ಸಾಗುವಳಿಗೆ ತಂದ ಕುರುಹುಗಳಿವೆ. ಯುನೆಸ್ಕೋ ಅದನ್ನು 2008ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕೆಸುವು, ಬಾಳೆಗಳ ಆ ಹಳೆಯ ತೋಟಗಳಿಗೆ ಗೆಣಸು ಬಂದು ಸೇರಿದ್ದು ಕೆಲವೇ ಶತಮಾನಗಳ ಹಿಂದೆ.

ಮುಮು: ಕಲ್ಲಿನ ಹಬೆಯಡುಗೆ

ನೀವಿರುವ ದಿನಗಳಲ್ಲಿ ಒಂದಾದರೂ ಮುಮು ಆಗುತ್ತದೆ. ಬೆಳಗ್ಗೆ ಗುಂಡಿ ತೋಡಿ, ಸೌದೆಯನ್ನು ಅಡ್ಡಡ್ಡವಾಗಿ ಪೇರಿಸಿ, ಮೇಲೆ ಹೊಳೆಗಲ್ಲುಗಳನ್ನಿಟ್ಟು ಬೆಂಕಿ ಕೊಡುತ್ತಾರೆ. ಕಲ್ಲು ಕಾದು ಕೆಂಪಗಾಗುವಷ್ಟರಲ್ಲಿ ಹೆಂಗಸರು ಗೆಣಸು ಹೆರೆದು ಸೊಪ್ಪು ಬಿಡಿಸಿರುತ್ತಾರೆ, ಗಂಡಸರು ಹಂದಿಯನ್ನು ಕೊಯ್ದಿರುತ್ತಾರೆ. ಕಾಯುತ್ತಿರುವ ಕಲ್ಲು ಕೆಲವೊಮ್ಮೆ ಸಿಡಿಯುತ್ತದೆ, ಹತ್ತಿರ ಕೂರಬೇಡಿ. ಗುಂಡಿಗೆ ಬಾಳೆಲೆ ಹಾಸಿ, ಸೀಳಿದ ಕೋಲಿನ ಇಕ್ಕಳದಲ್ಲಿ ಕಲ್ಲುಗಳನ್ನು ಇಳಿಸಿ, ಗೆಣಸು, ಸೊಪ್ಪು, ಜರಿಗಿಡ, ಮಾಂಸಗಳನ್ನು ಪದರಪದರವಾಗಿ ಜೋಡಿಸಿ, ನಡುನಡುವೆ ಬಿಸಿಗಲ್ಲು ಇಟ್ಟು, ನೀರು ಸುರಿದು, ಎಲೆ ಮತ್ತು ಮಣ್ಣಿನಿಂದ ಮುಚ್ಚುತ್ತಾರೆ. ಎಲ್ಲಿಂದಲೂ ಹಬೆ ಹೊರಬರದಂತೆ ಮುಚ್ಚುವುದರಲ್ಲಿಯೇ ಕೈಚಳಕವಿದೆ. ಎರಡು ಮೂರು ಗಂಟೆಯ ಮೇಲೆ ತೆರೆದಾಗ ಹಂದಿಯ ಕೊಬ್ಬು ಸೊಪ್ಪಿಗೆ, ಗೆಣಸಿಗೆ ಇಳಿದಿರುತ್ತದೆ.

ಸಸ್ಯಾಹಾರಿಗಳು ಗುಂಡಿ ಮುಚ್ಚುವ ಮೊದಲೇ ಮಾತಾಡಬೇಕು. "ಮಿ ನೊ ಸಾವೆ ಕೈಕೈ ಪಿಕ್" ಎಂದರೆ ಹಂದಿ ತಿನ್ನುವ ರೂಢಿ ನನಗಿಲ್ಲ ಎಂದರ್ಥ. ಈ ಮಾತು ಅವರಿಗೆ ಹೊಸತಲ್ಲ, ಏಕೆಂದರೆ ಎತ್ತರನಾಡಿನಲ್ಲಿ ಬಹಳ ಮಂದಿ ಇರುವ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರೂ ಹಂದಿ ತಿನ್ನುವುದಿಲ್ಲ. ನಿಮ್ಮ ಗೆಣಸು ಸೊಪ್ಪುಗಳನ್ನು ಬಾಳೆಲೆಯಲ್ಲಿ ಬೇರೆ ಕಟ್ಟಿ ಗುಂಡಿಯ ಅಂಚಿನಲ್ಲಿ, ಮಾಂಸಕ್ಕಿಂತ ಮೇಲಿನ ಪದರದಲ್ಲಿ ಇಡಲು ಕೇಳಬಹುದು. ಇಷ್ಟಾದರೂ ಹಂಚುವಾಗ ನಿಮ್ಮ ಹೆಸರು ಕೂಗಿ ಮಾಂಸದ ಪಾಲು ಕೊಟ್ಟರೆ ಬೇಡವೆನ್ನಬೇಡಿ. ಎರಡು ಕೈಯಲ್ಲಿ ತೆಗೆದುಕೊಳ್ಳಿ, ಪಕ್ಕದ ಹಿರಿಯರಿಗೋ ಮನೆಯ ಯಜಮಾನಿಗೋ ದಾಟಿಸಿ. ಪಾಲನ್ನು ಪಡೆದವರು ಅದನ್ನು ಮತ್ತೆ ಹಂಚುವುದು ಅಲ್ಲಿ ಎಲ್ಲರೂ ಮಾಡುವ ಕೆಲಸ. ಪಡೆಯದಿರುವುದು ಮಾತ್ರ ಸಂಬಂಧವನ್ನು ತಿರಸ್ಕರಿಸಿದಂತಾಗುತ್ತದೆ. ಜಾತಿನಿಯಮದ ಮಡಿಯನ್ನು ಇಲ್ಲಿಗೆ ತರುವವರು ಹೋಗದಿರುವುದೇ ಒಳ್ಳೆಯದೆಂದು ನಾನು ಖಂಡಿತವಾಗಿ ಹೇಳುತ್ತೇನೆ.

ನೀರು, ಜ್ವರ, ಹೊಟ್ಟೆ

ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಮೇಲೆ ಇನ್ನೊಂದು ಊರಿನ ಹಂದಿಗಳು ಅದನ್ನೇ ದಾಟಿರುತ್ತವೆ. ಟೈಫಾಯ್ಡ್ ಎತ್ತರನಾಡಿನಲ್ಲಿ ಸಾಮಾನ್ಯ. 2,000 ಮೀಟರಿಗಿಂತ ಮೇಲೆ ನೀರನ್ನು ಕುದಿ ಬಂದ ಮೇಲೆ ಮೂರು ನಿಮಿಷ ಕುದಿಸಬೇಕು. ಟೈಫಾಯ್ಡ್, ಹೆಪಟೈಟಿಸ್ ಎ, ಧನುರ್ವಾಯು ಲಸಿಕೆಗಳನ್ನು ಹೋಗುವ ಮೊದಲೇ ಹಾಕಿಸಿಕೊಳ್ಳಿ. ಎತ್ತರದ ಹಳ್ಳಿಗಳಲ್ಲಿ ಮಲೇರಿಯಾ ಕಡಿಮೆಯಾದರೂ ದಾರಿಯಲ್ಲಿ ಸಿಗುವ ಪೋರ್ಟ್ ಮೋರ್ಸ್‌ಬಿ, ಲೇಗಳಲ್ಲಿ ಅದು ಇದೆ, ಒಮ್ಮೊಮ್ಮೆ ಮೇಲಿನ ಕಣಿವೆಗಳಿಗೂ ಹಬ್ಬುತ್ತದೆ. ತಡೆಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ, ಊರಿಗೆ ಮರಳಿ ತಿಂಗಳುಗಳ ಮೇಲೆ ಜ್ವರ ಬಂದರೂ ಮಲೇರಿಯಾ ಪರೀಕ್ಷೆ ಮಾಡಿಸಿ.

ಹಂದಿಹಬ್ಬದ ಬೆನ್ನಿಗೆ ಬರುವ ಪಿಗ್‌ಬೆಲ್ ಎಂಬ ಕಾಯಿಲೆ ಎತ್ತರನಾಡಿನ ಮಕ್ಕಳನ್ನು ಹಿಂದೆ ಬಹಳವಾಗಿ ಬಲಿ ತೆಗೆದುಕೊಂಡಿದೆ. ಮಾಂಸದಲ್ಲಿ ಬೆಳೆದ ಒಂದು ಬ್ಯಾಕ್ಟೀರಿಯಾದ ವಿಷವು ಕರುಳನ್ನು ಕೊಳೆಸುತ್ತದೆ. ಸಾಮಾನ್ಯವಾಗಿ ಈ ವಿಷವನ್ನು ಕರುಳಿನ ಜೀರ್ಣರಸವೇ ನಾಶ ಮಾಡುತ್ತದೆ, ಆದರೆ ಗೆಣಸಿನಲ್ಲಿರುವ ಒಂದು ಅಂಶ ಆ ರಸದ ಕೆಲಸವನ್ನು ತಡೆಯುತ್ತದೆ, ಮತ್ತು ಮಾಂಸ ಅಪರೂಪವಾದವರ ಮೈಯಲ್ಲಿ ಆ ರಸವೇ ಕಡಿಮೆ. 1980ರಲ್ಲಿ ಲಸಿಕೆ ಬಂದ ಮೇಲೆ ಸಾವು ಬಹಳ ತಗ್ಗಿತು. ಹಬ್ಬದ ಮೇಲೆ ಯಾವುದೇ ಮಗುವಿಗೆ ಹೊಟ್ಟೆ ಉಬ್ಬಿ, ತೀವ್ರ ನೋವು, ರಕ್ತಭೇದಿ ಕಂಡರೆ ಕಾಯದೆ ಹೌಸ್ ಸಿಕ್‌ಗೆ, ಅಂದರೆ ಆಸ್ಪತ್ರೆಗೆ ಹೊತ್ತೊಯ್ಯಲು ಮನೆಯವರಿಗೆ ಒತ್ತಾಯಿಸಿ. ಮಾಂಸ ತಿನ್ನುವ ಅತಿಥಿಗಳು ದಿನಗಟ್ಟಲೆ ಇಟ್ಟ ಮಾಂಸವನ್ನು ಮುಟ್ಟಬಾರದು. ವೈದ್ಯರಲ್ಲದವರು ತಮ್ಮ ಔಷಧಿಪೆಟ್ಟಿಗೆಯಿಂದ ಊರಿಗೆ ಮಾತ್ರೆ ಹಂಚುವುದು ಬೇಡ. ಸಂಜೆಗೆ ಅಂಗಳದ ತುಂಬ ಸಾಲು ನಿಲ್ಲುತ್ತದೆ, ಮತ್ತು ಆ ಸಾಲಿನಲ್ಲಿ ಕ್ಷಯವೂ ನ್ಯುಮೋನಿಯಾವೂ ಇರುತ್ತವೆ.

ಸಾವಿನ ಮನೆ

ನೀವಿದ್ದಾಗ ಊರಿನಲ್ಲಿ ಸಾವಾದರೆ ಕೆಲಸ ನಿಲ್ಲಿಸಿ, ಅಕ್ಕಿಯನ್ನೋ ಸ್ವಲ್ಪ ಹಣವನ್ನೋ ಮನೆಯವರ ಮೂಲಕ ಕೊಟ್ಟು, ಅಳುವವರ ಜೊತೆ ಸುಮ್ಮನೆ ಕುಳಿತುಕೊಳ್ಳಿ. ಸಾವು ಹೇಗಾಯಿತೆಂಬ ಚರ್ಚೆಯಲ್ಲಿ ಬಾಯಿ ಹಾಕಬೇಡಿ. ಸಂಗುಮಾ ಎಂಬ ಮಾಟದ ಆರೋಪದಿಂದ ಹೆಂಗಸರನ್ನು ಹಿಂಸಿಸಿ ಕೊಂದ ಘಟನೆಗಳು ಇಂದಿಗೂ ನಡೆಯುತ್ತವೆ. ಮಾಟವನ್ನು ಕೊಲೆಗೆ ಸಮಜಾಯಿಷಿಯಾಗಿ ಪರಿಗಣಿಸಲು ಎಡೆಕೊಟ್ಟಿದ್ದ 1971ರ ಕಾಯಿದೆಯನ್ನು ಸಂಸತ್ತು 2013ರಲ್ಲಷ್ಟೇ ರದ್ದುಗೊಳಿಸಿತು. "ಮೊನ್ನೆ ಚೆನ್ನಾಗಿಯೇ ಇದ್ದರಲ್ಲ" ಎಂಬ ನಿಮ್ಮ ಸಹಜ ಮಾತೂ ಯಾರೋ ಒಬ್ಬರ ಮೇಲೆ ಬೆರಳು ತೋರಿಸಲು ಸಾಕಾದೀತು. ವೈದ್ಯರಾಗಿದ್ದರೆ ರೋಗದ ಹೆಸರನ್ನು ಮನೆಯವರಿಗೆ ಸ್ಪಷ್ಟವಾಗಿ, ಅವರ ಭಾಷೆ ಬಲ್ಲವರ ಮೂಲಕ ಹೇಳಿ; ಅದು ಒಬ್ಬ ಹೆಂಗಸಿನ ಜೀವ ಉಳಿಸಬಹುದು. ಆರೋಪದ ಮಾತು ಕಿವಿಗೆ ಬಿದ್ದರೆ ಪಾದ್ರಿಗಳಿಗೂ ಆರೋಗ್ಯ ಕೇಂದ್ರದವರಿಗೂ ಕೂಡಲೇ ತಿಳಿಸಿ.

ನಿಮ್ಮಿಂದ ನಷ್ಟವಾದರೆ, ಬೇಲಿ ತೆರೆದಿಟ್ಟು ಹಂದಿ ತೋಟ ಹೊಕ್ಕರೆ ಅಥವಾ ವಾಹನಕ್ಕೆ ಹಂದಿ ಸಿಕ್ಕರೆ, ಪರಿಹಾರವನ್ನು ನೇರವಾಗಿ ಚೌಕಾಶಿ ಮಾಡದೆ ಮನೆಯ ಹಿರಿಯರನ್ನು ಮುಂದಿಟ್ಟುಕೊಂಡು ಬೇಗ ಕೊಟ್ಟುಬಿಡಿ. ತಡವಾದಷ್ಟೂ ಅದು ನಿಮ್ಮ ಸಾಲವಾಗಿ ಉಳಿಯದೆ ಅವರ ಕುಲದ ಸಾಲವಾಗುತ್ತದೆ. ಶಾಲೆಗೆ ಪುಸ್ತಕ ಕಳಿಸುತ್ತೇನೆ, ಹುಡುಗನನ್ನು ಓದಿಸುತ್ತೇನೆ ಎಂಬಂಥ ಮಾತನ್ನು ಖಚಿತವಿಲ್ಲದೆ ಆಡಬೇಡಿ, ಅಲ್ಲಿ ಮಾತನ್ನು ವರ್ಷಗಟ್ಟಲೆ ನೆನಪಿಡುತ್ತಾರೆ.

ಹೊರಡುವಾಗ ಮನೆಯಾಕೆ ತಾನೇ ಹೆಣೆದ ಬಿಲುಮ್ ಒಂದನ್ನು ನಿಮ್ಮ ಹೆಗಲಿಗೆ ಹಾಕಬಹುದು. ತಿಂಗಳುಗಟ್ಟಲೆಯ ಕೈಕೆಲಸವದು; ಮಡಿಸಿ ಪೆಟ್ಟಿಗೆಯಲ್ಲಿಡದೆ ಹಾಕಿಕೊಂಡೇ ವಿಮಾನ ಹತ್ತಿ. ನಿಮ್ಮ ಹೊದಿಕೆ, ಟಾರ್ಚು, ಸೌರಫಲಕ, ಬೂಟುಗಳನ್ನು ಅವರಿಗೇ ಬಿಟ್ಟು ಬನ್ನಿ. ಊರಿಗೆ ಬಂದ ಮೇಲೆ, ಕೇಳಿ ತೆಗೆದ ಫೋಟೊಗಳನ್ನು ಮುದ್ರಿಸಿ, ಹೊಗೆಗೂ ತೇವಕ್ಕೂ ಕೆಡದಂತೆ ಲ್ಯಾಮಿನೇಟ್ ಮಾಡಿಸಿ, ಹಿಂಬದಿಯಲ್ಲಿ ಒಬ್ಬೊಬ್ಬರ ಹೆಸರು ಬರೆದು ಕಳಿಸಿ. ಮನೆಮನೆಗೆ ಟಪಾಲು ಹಂಚುವ ಏರ್ಪಾಡು ಆ ದೇಶದಲ್ಲಿಲ್ಲ. ಪಟ್ಟಣದ ಅಂಚೆಪೆಟ್ಟಿಗೆಗೆ ಹೋದದ್ದನ್ನು ಯಾರಾದರೂ ವಾಂಟೊಕ್ ಚೀಲದಲ್ಲಿಟ್ಟುಕೊಂಡು ಬೆಟ್ಟ ಹತ್ತಬೇಕು. ಆ ಅಂಚೆಪೆಟ್ಟಿಗೆಯ ಸಂಖ್ಯೆಯನ್ನು ಹೊರಡುವ ಮುನ್ನವೇ ಬರೆದುಕೊಳ್ಳಿ, ಚೀಲ ಹೊತ್ತು ಬೆಟ್ಟ ಹತ್ತುವವರಿಗೂ ಒಂದು ಪೊಟ್ಟಣ ಸೇರಿಸಿ.